ಷರಾ ಎಂಬ ಹೊಣೆ

ಕಚೇರಿಯ ಕಡತದ ಅಂಚಿನಲ್ಲಿ ಅಧಿಕಾರಿ ಬರೆಯುವ ಅಭಿಪ್ರಾಯಕ್ಕೆ ಕನ್ನಡದಲ್ಲಿ ‘ಷರಾ’ ಎನ್ನುತ್ತಾರೆ. ಮರಾಠಿಯಲ್ಲಿ ಅದೇ ಮಾತು ‘ಶೇರಾ’. ಅರ್ಜಿ ನಾಲ್ಕು ಪುಟಗಳಷ್ಟಿರಬಹುದು, ಷರಾ ಒಂದೇ ಪದದ್ದಾಗಿರಬಹುದು. ಆದರೂ ಅರ್ಜಿಯ ಗತಿಯನ್ನು ನಿರ್ಣಯಿಸುವುದು ಆ ಒಂದು ಪದವೇ. ಗಡಿನಾಡಿನವರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಹಿಂದೆ ಅನಂತಪುರ ಜಿಲ್ಲೆಗೆ ಸೇರಿದ್ದು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿರುವ ಮಡಕಶಿರಾ ಸೀಮೆಯ ಅಗಳಿಯಲ್ಲಿ ಎಷ್ಟೋ ಕುಟುಂಬಗಳ ಮನೆಮಾತು ಕನ್ನಡ. ಕಚೇರಿಯ ಮಾತು ತೆಲುಗು. ತಮ್ಮ ಅರ್ಜಿಯ ಮೇಲೆ ಏನು ಬರೆದಿದೆಯೆಂಬುದನ್ನು ಇನ್ನೊಬ್ಬರಿಂದ ಓದಿಸಿಕೊಂಡು ತಿಳಿಯುವ ಕಷ್ಟ ಅಲ್ಲಿನ ಹಿರಿಯರಿಗೆ ಹೊಸದಲ್ಲ.

ಅಂಥ ಮನೆಯೊಂದರ ಯುವಕ ಕನ್ನಡ ಮಾಧ್ಯಮದಲ್ಲಿ ಓದಿ, ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸಕ್ಕೆ ಸೇರಿದ. ಬಿಡುವಿನ ವೇಳೆಯಲ್ಲಿ ಮುಕ್ತ ತಂತ್ರಾಂಶವೊಂದಕ್ಕೆ ತಿದ್ದುಪಡಿಯನ್ನು ಸಿದ್ಧಪಡಿಸಿದ. ಉದ್ದದ ಶೀರ್ಷಿಕೆಯನ್ನು ಪರದೆಗೆ ಹೊಂದುವಂತೆ ಕತ್ತರಿಸುವಾಗ ಆ ತಂತ್ರಾಂಶ ಕನ್ನಡದ ಒತ್ತಕ್ಷರಗಳನ್ನು ಮುರಿಯುತ್ತಿತ್ತು. ‘ಪುಸ್ತಕ’ ಎಂಬುದು ಓದುಗನ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಪ, ಉಕಾರದ ಚಿಹ್ನೆ, ಸ, ಹಲಂತದ ಚಿಹ್ನೆ, ತ, ಕ ಎಂಬ ಆರು ಸಂಕೇತಗಳು. ನಾಲ್ಕರ ನಂತರ ಕತ್ತರಿ ಬಿದ್ದರೆ ಉಳಿಯುವುದು ‘ಪುಸ್’. ಲಿಪಿಯನ್ನರಿಯದವನಿಗೆ ಇದರಲ್ಲಿ ದೋಷವೇ ಕಾಣದು; ಕನ್ನಡಿಗನಿಗೆ ಅದು ಮಾತಿನ ಅಂಗಭಂಗ.

ಆ ಯೋಜನೆಯಲ್ಲಿ ತಿದ್ದುಪಡಿಗಳ ಪರಿಶೀಲನೆಗೆ ಬಳಕೆಯಲ್ಲಿದ್ದುದು ಗೆರಿಟ್ ಎಂಬ ಸಾಧನ. ಆಂಡ್ರಾಯ್ಡ್ ಯೋಜನೆಗಾಗಿ ರೂಪುಗೊಂಡ ಇದು ಡಚ್ ವಾಸ್ತುಶಿಲ್ಪಿ ಗೆರಿಟ್ ರೀಟ್‌ವೆಲ್ಡ್‌ನ ಹೆಸರನ್ನು ಹೊತ್ತಿದೆ. ಕನ್ನಡ ವಿಕಿಪೀಡಿಯಕ್ಕೆ ಆಧಾರವಾದ ಮೀಡಿಯಾವಿಕಿ ತಂತ್ರಾಂಶದವರೂ 2012ರಲ್ಲಿ ಇದನ್ನೇ ಆಯ್ದುಕೊಂಡರು. ಇಲ್ಲಿ ಷರಾ ಅಂಕಿಯ ರೂಪದಲ್ಲಿರುತ್ತದೆ. +2 ಎಂದರೆ ಸಮ್ಮತಿ; +1 ಎಂದರೆ ಚೆನ್ನಾಗಿದೆ, ಒಪ್ಪಿಗೆ ಮಾತ್ರ ಬೇರೊಬ್ಬರದು; −1 ಎಂದರೆ ಈ ರೂಪದಲ್ಲಿ ಬೇಡ; −2 ಎಂದರೆ ಕೂಡದು. ಈ ಅಂಕಿಗಳನ್ನು ಕೂಡಿಸುವಂತಿಲ್ಲ. ಎರಡು +1 ಸೇರಿ +2 ಆಗದು. ಸಾಮಾನ್ಯ ವ್ಯವಸ್ಥೆಯಲ್ಲಿ ಒಂದೇ −2 ಹತ್ತು +2ಗಳನ್ನು ತಡೆದು ನಿಲ್ಲಿಸಬಲ್ಲದು. ಇವು ಗಣಿತವಲ್ಲ, ತೀರ್ಪುಗಳು. ಇವುಗಳೊಡನೆ ಸ್ಥಿತಿಗಳುಂಟು: ಕೆಲಸ ನಡೆಯುತ್ತಿದೆ, ಪರಿಶೀಲನೆಗೆ ಸಿದ್ಧ, ವಿಲೀನಗೊಂಡಿದೆ, ಕೈಬಿಡಲಾಗಿದೆ. ‘ಗೆರಿಟ್ ರಿವ್ಯೂ’ ಎಂಬ ಆಜ್ಞೆಯನ್ನು ಟೈಪು ಮಾಡಿದರೆ, ತಿದ್ದುಪಡಿಯ ಪುಟವನ್ನು ತೆರೆಯದೆಯೇ ಅದರ ಸ್ಥಿತಿಯನ್ನು ಬದಲಿಸಬಹುದು. ಒಂದೇ ಸಾಲಿನಲ್ಲಿ ಹಲವನ್ನು ಒಟ್ಟಿಗೆ ಹೆಸರಿಸಬಹುದು. ಕಾರಣವನ್ನು ಬರೆಯಲು ಅಲ್ಲಿ ಸ್ಥಳವಿದೆ, ಬರೆಯಲೇಬೇಕೆಂಬ ಕಟ್ಟಳೆಯಿಲ್ಲ.

ಯುವಕನ ತಿದ್ದುಪಡಿಗೆ ಬಂದದ್ದು −1, ಕಾರಣವಿಲ್ಲದೆ. ಎರಡು ಬಾರಿ ಕೇಳಿದರೂ ಉತ್ತರ ಬರಲಿಲ್ಲ. ಕೆಲವು ತಿಂಗಳ ತರುವಾಯ, ಹಳೆಯ ಬಾಕಿಯನ್ನು ತೆರವು ಮಾಡುವಾಗ, ಇತರ ಹಲವು ತಿದ್ದುಪಡಿಗಳೊಡನೆ ಅದೂ ‘ಕೈಬಿಡಲಾಗಿದೆ’ ಎಂಬ ಸ್ಥಿತಿಗೆ ಸರಿಯಿತು. ಯಾರಲ್ಲಿಯೂ ದ್ವೇಷವಿರಲಿಲ್ಲ; ಬಾಕಿ ಕಡಿಮೆಯಾಗಬೇಕಿತ್ತು. ಆದರೆ ಅವನು ಮತ್ತೆ ಏನನ್ನೂ ಕಳುಹಿಸದೆ ಸುಮ್ಮನಾದ. ಹಬ್ಬಕ್ಕೆ ಊರಿಗೆ ಬಂದಾಗ, ಶಾಲೆಯಲ್ಲಿ ಕನ್ನಡ ಕಲಿಸಿದ ಮೇಷ್ಟರ ಮುಂದೆ, “ತಪ್ಪು ಯಾವುದೂಂತ ಹೇಳಿದ್ರೆ ತಿದ್ಕೊಳ್ತಿದ್ದೆ, ಸಾರ್” ಎಂದ.

“ಅವರಿಗೆ ಕನ್ನಡ ಬರಲ್ಲವಲ್ಲಪ್ಪ. ಅವರ ಕಣ್ಣಿಗೆ ಕಾಣೋ ಹಾಗೆ ತೋರಿಸು” ಎಂದರು ಮೇಷ್ಟರು.

ಗೆರಿಟ್‌ನಲ್ಲಿ ಕೈಬಿಟ್ಟದ್ದು ಅಳಿದುಹೋಗುವುದಿಲ್ಲ. ಹಿಂದಿನ ಪಾಠಗಳೂ ಷರಾಗಳೂ ಬರೆದವರ ಹೆಸರಿನೊಡನೆ ಉಳಿದಿರುತ್ತವೆ. ಕಳುಹಿಸಿದವನೇ ಅದನ್ನು ಮರಳಿ ಎಬ್ಬಿಸಬಹುದು. ಯುವಕ ಹಾಗೆಯೇ ಮಾಡಿದ. ಮುರಿದ ಪದಗಳ ಚಿತ್ರವನ್ನೂ ಸರಿಯಾದ ರೂಪಗಳನ್ನೂ ಪಕ್ಕಪಕ್ಕದಲ್ಲಿರಿಸಿದ. ಈ ಸಲ ಬೇರೊಬ್ಬ ಪರಿಶೀಲಕರು ಅಂಕಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿದರು: ಇದು ತೆಲುಗಿಗೂ ಅನ್ವಯಿಸುವುದೇ? ಅಗಳಿಯವನಿಗೆ ಇದಕ್ಕಿಂತ ಸುಲಭವಾದ ಪ್ರಶ್ನೆ ಇರಲಿಲ್ಲ. ಅಂದು ರಾತ್ರಿಯೇ ತೆಲುಗಿನ ಉದಾಹರಣೆಗಳನ್ನೂ ಸೇರಿಸಿದ. +2 ಬಂತು, ತಿದ್ದುಪಡಿ ವಿಲೀನಗೊಂಡಿತು.

ಎರಡು ಷರಾಗಳ ನಡುವಿನ ಅಂತರವಿರುವುದು ಕಟುತ್ವದಲ್ಲಲ್ಲ. ಮೊದಲನೆಯದು ಸ್ಥಿತಿಯನ್ನು ಬದಲಿಸಿತು. ಎರಡನೆಯದು ಕೆಲಸವನ್ನು ಬೆಳೆಸಿತು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತನ್ನ ಮೊದಲ ಪರಿಚ್ಛೇದದಲ್ಲಿಯೇ ಕಾವ್ಯದೋಷಗಳನ್ನು ಎತ್ತಿಕೊಳ್ಳುತ್ತದೆ. ದೋಷವೆಂದು ಹೆಸರಿಸಿ ಬಿಡದೆ, ಉದಾಹರಣೆಯೊಡನೆ ತೋರಿಸುತ್ತದೆ. ತಿದ್ದುವವನ ಹೊಣೆಯ ಬಗ್ಗೆ ಕನ್ನಡಕ್ಕಿರುವ ತಿಳಿವಳಿಕೆ ಅಷ್ಟು ಹಳೆಯದು.

ಕನ್ನಡ ಓದುತ್ತಿರುವ ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಉತ್ತರಪತ್ರಿಕೆ ತಿದ್ದುವರು, ಹಸ್ತಪ್ರತಿ ಪರಿಶೀಲಿಸುವರು, ತಂತ್ರಾಂಶಗಳಿಗೆ ಕನ್ನಡವನ್ನು ಒದಗಿಸುವರು. ಸ್ಥಿತಿಯನ್ನು ಬದಲಿಸುವ ಗುಂಡಿ ಅವರೆಲ್ಲರ ಬೆರಳಿಗೂ ಸಿಗುತ್ತದೆ. ಅದನ್ನು ಒತ್ತುವ ಮುನ್ನ ಕಾರಣದ ಒಂದು ಸಾಲನ್ನು ಬರೆಯಲು ತಗಲುವ ಕಾಲ ಬಹಳವಲ್ಲ. ಆ ಸಾಲಿಗಾಗಿ ಯಾವುದೋ ಅಗಳಿಯಲ್ಲಿ ಒಬ್ಬರು ಕಾಯುತ್ತಿರುತ್ತಾರೆ.