ಕ್ಯಾಂಪಿನ ಬ್ಯೂಗಲ್ ಊರಿಗೆ ಬಂದದ್ದು

ಪಲ್ಟಣದ ದಿನ ಬ್ಯೂಗಲ್‌ನಿಂದ ಶುರುವಾಗಿ ಬ್ಯೂಗಲ್‌ನಿಂದಲೇ ಮುಗಿಯುತ್ತಿತ್ತು. ಬೆಳಕು ಹರಿಯುವ ಮೊದಲು ಎಬ್ಬಿಸುವ ‘ರೌಸ್’, ಪಿ.ಟಿ.ಗೆ ‘ಫಾಲ್ ಇನ್’, ಲಂಗರಿನ ಊಟಕ್ಕೊಂದು ಕರೆ, ಆಫೀಸರುಗಳಿಗೆ ಇನ್ನೊಂದು, ಎಲ್ಲಾದರೂ ಬೆಂಕಿ ಬಿದ್ದರೆ ಮತ್ತೊಂದು, ಹೊತ್ತು ಮುಳುಗುವಾಗ ‘ರಿಟ್ರೀಟ್’, ರಾತ್ರಿ ‘ಲಾಸ್ಟ್ ಪೋಸ್ಟ್’, ಕೊನೆಗೆ ದೀಪ ಆರಿಸುವ ‘ಲೈಟ್ಸ್ ಔಟ್’. 1980ರ ದಶಕದ ಆರಂಭದಲ್ಲಿ ನಾನು ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರಕ್ಕೆ ರಿಕ್ರೂಟ್ ಆಗಿ ಸೇರಿದಾಗ ನಮ್ಮ ಬ್ಯಾರಕಿನಲ್ಲಿ ಕೈಗಡಿಯಾರ ಇದ್ದವರು ಬೆರಳೆಣಿಕೆಯಷ್ಟು. ಯಾರಿಗೂ ಅದರ ಕೊರತೆ ಕಾಣಲಿಲ್ಲ. ಮೊದಲ ವಾರ ಎಲ್ಲ ಕರೆಗಳೂ ಒಂದೇ ರೀತಿ ಕೇಳಿಸುತ್ತವೆ. ತಿಂಗಳು ಕಳೆಯುವಷ್ಟರಲ್ಲಿ ಮೊದಲ ಎರಡು ಸ್ವರ ಕಿವಿಗೆ ಬೀಳುತ್ತಲೇ ಕಾಲು ತಾನಾಗಿ ಮೈದಾನದ ಕಡೆಗೋ ಲಂಗರಿನ ಕಡೆಗೋ ತಿರುಗುತ್ತದೆ.

ಸಂಜೆಯ ರಿಟ್ರೀಟ್ ಮಾತ್ರ ಎಲ್ಲರನ್ನೂ ನಿಲ್ಲಿಸುತ್ತಿತ್ತು. ಕ್ಯಾಂಪಿನ ಮುಖ್ಯ ಕಾವಲುಮನೆಯಾದ ಕ್ವಾರ್ಟರ್ ಗಾರ್ಡಿನಲ್ಲಿ ಧ್ವಜ ಇಳಿಯುವಷ್ಟು ಹೊತ್ತು ಸೈಕಲ್ ಮೇಲಿದ್ದವನು ಇಳಿಯುತ್ತಿದ್ದ, ಜೀಪು ರಸ್ತೆ ಬದಿಗೆ ನಿಲ್ಲುತ್ತಿತ್ತು, ಸಾಹೇಬರು ಸಿಪಾಯಿ ಎನ್ನದೆ ಎಲ್ಲರೂ ‘ಸಾವಧಾನ್’ ಭಂಗಿಯಲ್ಲಿ ನಿಲ್ಲುತ್ತಿದ್ದರು. ಆ ಹೊತ್ತಿಗೆ ಇಡೀ ಕ್ಯಾಂಪಿನ ಮೇಲೆ ಅಧಿಕಾರ ಇದ್ದದ್ದು ತಾಮ್ರದ ಕೊಳವೆ ಹಿಡಿದ ಒಬ್ಬ ಹುಡುಗನಿಗೆ.

ನಮ್ಮ ರೆಜಿಮೆಂಟಿಗೂ ಬ್ಯೂಗಲ್‌ಗೂ ಇರುವ ನಂಟು ಅಲಂಕಾರದ್ದಲ್ಲ. 1768ರಲ್ಲಿ ಬೊಂಬಾಯಿ ಸಿಪಾಯಿಗಳ ಪಡೆಯಾಗಿ ಕಟ್ಟಿದ ಪಲ್ಟಣದಿಂದ ಬೆಳೆದ ರೆಜಿಮೆಂಟ್ ಇದು. ‘ಲೈಟ್ ಇನ್‌ಫೆಂಟ್ರಿ’ ಎಂದರೆ ಹಳೆಯ ಯುದ್ಧಗಳಲ್ಲಿ ಸಾಲು ಕಟ್ಟಿ ನಿಲ್ಲದೆ, ಮುಂದಕ್ಕೆ ಹೋಗಿ ಚದುರಿಕೊಂಡು ಹೋರಾಡುವ ಚುರುಕು ಕಾಲಾಳುಗಳು. ಚದುರಿದವರಿಗೆ ಬಾಯಿಮಾತಿನ ಆಜ್ಞೆ ಮುಟ್ಟದು, ದೊಡ್ಡ ಡ್ರಮ್ ಹೊತ್ತುಕೊಂಡು ಅವರ ಹಿಂದೆ ಓಡಲೂ ಆಗದು. ಮುಂದೆ ನುಗ್ಗಿ, ಹಿಂದೆ ಸರಿಯಿರಿ, ಗುಂಡು ಹಾರಿಸಿ, ನಿಲ್ಲಿಸಿ, ಇದೆಲ್ಲವನ್ನೂ ಹೇಳಿದ್ದು ಬ್ಯೂಗಲ್. ಅದಕ್ಕೇ ನಮ್ಮ ಟೋಪಿಯ ಲಾಂಛನದಲ್ಲಿ ಬ್ಯೂಗಲ್ ಇದೆ. ಸಾಮಾನ್ಯ ಕವಾಯತಿನಲ್ಲಿ ನಿಮಿಷಕ್ಕೆ 120 ಹೆಜ್ಜೆ, ಲೈಟ್ ಇನ್‌ಫೆಂಟ್ರಿಯವರ ಹೆಜ್ಜೆ ಅದಕ್ಕಿಂತಲೂ ವೇಗ. ಬ್ಯಾಂಡಿನವರು ಅದೇ ವೇಗದಲ್ಲಿ ನಡೆಯುತ್ತಲೇ ಊದಬೇಕು, ಬಾರಿಸಬೇಕು.

ನನ್ನನ್ನು ಬ್ಯಾಂಡಿಗೆ ಆರಿಸಿದವರು ಗೋಕಾಕದ ಕಡೆಯ ಡ್ರಮ್ ಮೇಜರ್. ಕೇಂದ್ರದಲ್ಲಿ ಆಡುವುದು ಮರಾಠಿ ಇಲ್ಲವೇ ಹಿಂದಿ, ಆದರೆ ನನ್ನ ಊರು ಖಾನಾಪುರ ತಾಲ್ಲೂಕು ಎಂದು ತಿಳಿದ ದಿನದಿಂದ ಅವರು ನನ್ನೊಡನೆ ಕನ್ನಡವನ್ನೇ ಆಡಿದರು. ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು ‘ಉಸ್ತಾದ್’ ಎಂದೇ. ಮೊದಲ ಪಾಠದಲ್ಲಿ ಅವರು ಬ್ಯೂಗಲ್ ಕೈಗೆ ಕೊಡಲೇ ಇಲ್ಲ, ಬರೀ ಮೌತ್‌ಪೀಸ್ ಕೊಟ್ಟರು.

“ತಮ್ಮಾ, ಗಲ್ಲ ಉಬ್ಬಿಸಬ್ಯಾಡ. ಉಸುರು ಹೊಟ್ಟಿಯಿಂದ ಬರಬೇಕು, ತುಟಿ ಬರೀ ಬಾಗಲಾ ಕಾಯತೈತಿ.”

ಬ್ಯೂಗಲ್‌ಗೆ ಒತ್ತುವ ಗುಂಡಿಗಳಿಲ್ಲ, ಮುಚ್ಚುವ ತೂತುಗಳಿಲ್ಲ. ಎರಡು ಸುತ್ತು ಸುತ್ತಿದ ತಾಮ್ರದ ಕೊಳವೆ, ಬಾಯಿಗೆ ಹಿತ್ತಾಳೆಯ ಅಂಚು, ಅಷ್ಟೇ. ಕರೆಗಳಿಗೆಲ್ಲ ಬಳಸುವುದು ಐದೇ ಸ್ವರಸ್ಥಾನ. ನಮ್ಮ ಹಿಂದೂಸ್ತಾನಿ ಸಂಗೀತದ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಪಂಚಮ, ಮೇಲಿನ ಷಡ್ಜ, ಶುದ್ಧ ಗಾಂಧಾರ, ಮತ್ತೆ ಮೇಲಿನ ಪಂಚಮ. ಒಂದರಿಂದ ಇನ್ನೊಂದಕ್ಕೆ ಏರುವುದು ತುಟಿಯ ಬಿಗಿ ಮತ್ತು ಉಸಿರಿನ ಒತ್ತಡದಿಂದ ಮಾತ್ರ. ನಾಲಿಗೆ ಪ್ರತಿ ಸ್ವರದ ಮೊದಲು ‘ತು’ ಎಂದು ತಟ್ಟಬೇಕು. ಮೊದಲ ವಾರಗಳಲ್ಲಿ ತುಟಿ ಅತ್ತಿಹಣ್ಣಿನ ಹಾಗೆ ಊದಿಕೊಳ್ಳುತ್ತಿತ್ತು. ಒಂದು ಸ್ವರ ಹಿಡಿದು ಎಷ್ಟು ಹೊತ್ತು ಅಲುಗದೆ ನಿಲ್ಲಿಸುತ್ತೀಯೋ ನೋಡೋಣ ಎಂದು ಉಸ್ತಾದರು ದೂರದಲ್ಲಿ, ಗಾಳಿಗೆ ಎದುರಾಗಿ ನಿಂತು ಕೇಳುತ್ತಿದ್ದರು. ಅವರಿಗೆ ಅಲ್ಲಿ ಸ್ಪಷ್ಟವಾಗಿ ಕೇಳಿಸಿದರೆ ಆಯಿತು. ಹತ್ತಿರದಲ್ಲಿ ಎಷ್ಟು ಜೋರಾಗಿದೆ ಎಂಬುದು ಅವರಿಗೆ ಲೆಕ್ಕಕ್ಕೇ ಇಲ್ಲ.

ಅವರು ಡ್ರಮ್ ಮೇಜರ್ ವೇಷದಲ್ಲಿ ನಿಂತರೆ ನೋಡಬೇಕಿತ್ತು. ಆರಡಿ ದಾಟಿದ ಆಳು, ತಿರುವಿದ ಮೀಸೆ, ಎದೆಗೆ ಅಡ್ಡಲಾಗಿ ರೆಜಿಮೆಂಟಿನ ಯುದ್ಧಗೌರವಗಳನ್ನು ಕಸೂತಿ ಮಾಡಿದ ಅಗಲ ಪಟ್ಟಿ, ಅದರ ಮೇಲೆ ಗೇಣುದ್ದವೂ ಇಲ್ಲದ ಎರಡು ಡ್ರಮ್ ಕೋಲು, ಕೈಯಲ್ಲಿ ಬೆಳ್ಳಿ ತಲೆಯ, ಸರಪಳಿ ಸುತ್ತಿದ ದಂಡ, ಅಂದರೆ ಮೇಸ್. ದರ್ಜೆಯಲ್ಲಿ ಅವರು ಹವಾಲ್ದಾರ. ರಿಕ್ರೂಟರು ಪ್ರಮಾಣ ಮಾಡುವ ಕಸಮ್ ಪರೇಡಿನ ದಿನ ಬಂದ ಜನ ಅವರು ಮೇಸನ್ನು ಮೇಲಕ್ಕೆ ಎಸೆದು ಹಿಡಿಯುವುದಕ್ಕೆ ಚಪ್ಪಾಳೆ ಹೊಡೆಯುತ್ತಿದ್ದರು. ಬ್ಯಾಂಡಿನ ಒಳಗೆ ಇದ್ದವರಿಗೆ ಅವರ ಹಿರಿಮೆ ಬೇರೆ ಕಡೆ ಕಾಣುತ್ತಿತ್ತು. ಡ್ರಮ್ಮುಗಳ ಅಬ್ಬರದಲ್ಲಿ ಬಾಯಿಮಾತು ಯಾರಿಗೂ ಕೇಳದು, ಆದ್ದರಿಂದ ನಡೆ, ನಿಲ್ಲು, ತಿರುಗು, ಬಾರಿಸುವುದನ್ನು ನಿಲ್ಲಿಸು ಎನ್ನುವ ಎಲ್ಲ ಆಜ್ಞೆಯೂ ಮೇಸಿನಿಂದಲೇ. ಮೇಸ್ ಮೇಲೆದ್ದಿತೆಂದರೆ ಏನೋ ಬದಲಾಗಲಿದೆ ಎಂದರ್ಥ, ಇಳಿದ ಕ್ಷಣ ಬದಲಾಗಬೇಕು. ಹಿಂದಿನ ಸಾಲಿನವರಿಗೆ ಮೇಸ್ ಕಾಣುವುದಿಲ್ಲ. ಅದನ್ನು ನೋಡಿದ ದೊಡ್ಡ ಡ್ರಮ್ಮಿನವನು ಎರಡು ಜೋಡಿ ಪೆಟ್ಟು ಕೊಡುತ್ತಾನೆ, ಆಗ ಧಾಟಿ ಮುಗಿಯಲಿದೆ ಎಂದು ಕೊನೆಯ ಸಾಲಿಗೂ ಗೊತ್ತಾಗುತ್ತದೆ. ಈ ಜೋಡಿ ಪೆಟ್ಟಿಗೂ ಮೇಸಿಗೂ ನಡುವೆ ಕೂದಲೆಳೆಯಷ್ಟು ಅಂತರ ಬಂದರೂ ಉಸ್ತಾದರು ತಿರುಗಿ ನೋಡುತ್ತಿರಲಿಲ್ಲ. ಪರೇಡ್ ಮುಗಿದ ಮೇಲೆ ಆ ಡ್ರಮ್ಮರನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅಷ್ಟೇ ಸಾಕಾಗುತ್ತಿತ್ತು.

ಬೆಳಗಾವಿಯ ಮಳೆಗಾಲ ಡ್ರಮ್ಮಿನವರ ಪಾಲಿಗೆ ಶಿಕ್ಷೆ. ಆಗಿನ್ನೂ ಚರ್ಮದ ಹೊದಿಕೆಯ, ಹಗ್ಗ ಬಿಗಿಯುವ ಡ್ರಮ್ಮುಗಳು ನಮ್ಮಲ್ಲಿದ್ದವು. ಜೂನ್ ತಿಂಗಳ ತೇವಕ್ಕೆ ಚರ್ಮ ಸಡಿಲಾಗಿ ದನಿ ಸತ್ತೇ ಹೋಗುತ್ತಿತ್ತು. ಲಂಗರಿನ ಒಲೆಯ ಹತ್ತಿರ ಡ್ರಮ್ಮುಗಳನ್ನು ಹದವಾದ ದೂರದಲ್ಲಿಟ್ಟು ಕಾಯಿಸಬೇಕು. ಹತ್ತಿರ ಇಟ್ಟರೆ ಚರ್ಮ ಸಿಡಿಯುತ್ತದೆ, ದೂರ ಇಟ್ಟರೆ ಬಿಗಿಯಾಗುವುದಿಲ್ಲ. ಮುಂದೆ ಪ್ಲಾಸ್ಟಿಕ್ಕಿನ ಹೊದಿಕೆ ಬಂತು, ಮಳೆಯ ಚಿಂತೆ ತಪ್ಪಿತು. ದನಿ ತುಸು ಒರಟಾಯಿತು ನಿಜ, ಆದರೆ ಒಲೆಯ ಮುಂದೆ ರಾತ್ರಿ ಕಳೆದ ಯಾರೂ ಅದಕ್ಕಾಗಿ ಕೊರಗಿದ್ದನ್ನು ನಾನು ಕಂಡಿಲ್ಲ.

ಮುಂದೆ ನನ್ನನ್ನು ಮಧ್ಯಪ್ರದೇಶದ ಪಚ್‌ಮಢಿಗೆ ಕೋರ್ಸಿಗೆ ಕಳಿಸಿದರು. ಸೇನಾ ಸಂಗೀತದ ಶಿಕ್ಷಣಕ್ಕೆಂದು ಅಲ್ಲಿ 1950ರಲ್ಲಿ ಒಂದು ವಿಭಾಗ ಆರಂಭವಾಯಿತು. ಅದಕ್ಕೆ ಆಸರೆಯಾಗಿ ನಿಂತವರು ನಮ್ಮ ಕೊಡಗಿನ ಕಾರ್ಯಪ್ಪನವರು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಅವರಿಗೆ ಗಡಿಯ ಚಿಂತೆ, ಪಲ್ಟಣಗಳನ್ನು ಮರುಜೋಡಿಸುವ ಚಿಂತೆ ಸಾಲದಾಗಿತ್ತೇ? ಅಂಥ ಹೊತ್ತಿನಲ್ಲೂ ಬ್ಯಾಂಡಿನವರಿಗೆ ಒಂದು ಶಾಲೆ ಬೇಕು ಎಂದು ಅವರಿಗೆ ಅನ್ನಿಸಿತು. ಅದುವರೆಗೆ ಬ್ಯಾಂಡ್ ಮಾಸ್ಟರ್ ಆಗಬೇಕಾದವರು ಕಲಿಕೆಗೆ ಇಂಗ್ಲೆಂಡಿನ ನೆಲ್ಲರ್ ಹಾಲ್ ಕಡೆ ನೋಡಬೇಕಿತ್ತು. ಪಚ್‌ಮಢಿಯಲ್ಲಿ ಬೆಳಗಿನ ಹೊತ್ತು ಮರಗಳ ಕೆಳಗೆ ಒಬ್ಬೊಬ್ಬರೇ ನಿಂತು ಸಾಧನೆ ಮಾಡುತ್ತಿದ್ದೆವು. ನಾಗಾ, ಗೋರ್ಖಾ, ಸಿಖ್, ತಮಿಳು ಹುಡುಗರೆಲ್ಲ ಒಂದೇ ಸ್ವರಲಿಪಿ ಓದುತ್ತಿದ್ದರು.

ನಾವು ನುಡಿಸುವ ಧಾಟಿಗಳು ಬದಲಾದದ್ದೂ ನಮ್ಮ ಕಣ್ಣೆದುರೇ. ಉಸ್ತಾದರ ತಲೆಮಾರು ಇಂಗ್ಲಿಷ್ ಮಾರ್ಚ್‌ಗಳ ಮೇಲೆ ಬೆಳೆದದ್ದು. ನಮ್ಮ ಕಾಲಕ್ಕೆ ‘ಸಾರೇ ಜಹಾಂ ಸೆ ಅಚ್ಛಾ’, ಆಜಾದ್ ಹಿಂದ್ ಫೌಜಿನ ರಾಮಸಿಂಗ್ ಠಾಕುರಿ ಸ್ವರ ಹಾಕಿದ ‘ಕದಮ್ ಕದಮ್ ಬಢಾಯೇ ಜಾ’ ಪರೇಡಿನ ಜೀವಾಳವಾಗಿದ್ದವು. ಜನವರಿ 29ರಂದು ದೆಹಲಿಯ ವಿಜಯ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್‌ನಿಂದ 2022ರಲ್ಲಿ ‘ಅಬೈಡ್ ವಿತ್ ಮಿ’ಯನ್ನು ತೆಗೆದು ‘ಏ ಮೇರೆ ವತನ್ ಕೆ ಲೋಗೋಂ’ ಸೇರಿಸಿದರು. ನಮ್ಮ ಸೇನೆ ನಮ್ಮ ಧಾಟಿ ನುಡಿಸಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗಾಂಧೀಜಿ ಮೆಚ್ಚಿದ್ದ ಆ ಪ್ರಾರ್ಥನೆಗೆ ಒಂದು ಜಾಗ ಉಳಿಸಬಹುದಿತ್ತು. ಅದನ್ನು ನುಡಿಸುವಾಗ ಅದು ಪರದೇಶದ್ದು ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಬ್ಯಾಂಡಿನವರು ಬರೀ ಪರೇಡಿನ ಗೊಂಬೆಗಳೆಂದು ಕೆಲವರು ತಿಳಿದಿದ್ದಾರೆ. ಕಾಳಗದಲ್ಲಿ ವಾದ್ಯಗಳು ಉಗ್ರಾಣದಲ್ಲಿ ಉಳಿಯುತ್ತವೆ, ನಾವು ಸ್ಟ್ರೆಚರ್ ಹೊರುವವರಾಗುತ್ತೇವೆ. ಗಾಯ ಕಟ್ಟುವುದು, ರಕ್ತ ನಿಲ್ಲಿಸುವುದು, ಮುರಿದ ಕಾಲಿಗೆ ಆಸರೆ ಕಟ್ಟುವುದು, ಇವು ಸ್ವರಲಿಪಿಯಷ್ಟೇ ಕಡ್ಡಾಯವಾದ ಪಾಠಗಳು. ಕಾಶ್ಮೀರದ ಇಳಿಜಾರಿನಲ್ಲಿ ಗಾಯಾಳುವನ್ನು ಕೆಳಗಿಳಿಸುವಾಗ ಮುಂದಿನ ಇಬ್ಬರು ಸ್ಟ್ರೆಚರನ್ನು ಭುಜದ ಮೇಲೆತ್ತಬೇಕು, ಹಿಂದಿನವರು ಕುಕ್ಕರುಗಾಲಲ್ಲಿ ಜಾರುತ್ತ ಬರಬೇಕು, ಇಲ್ಲವಾದರೆ ಮಲಗಿದವನು ಉರುಳುತ್ತಾನೆ. ಹಾಗೆ ಹೊತ್ತು ತಂದವನಿಗೇ ಮರುದಿನ ಲಾಸ್ಟ್ ಪೋಸ್ಟ್ ಊದಬೇಕಾದ ಸಂದರ್ಭಗಳಿದ್ದವು. ಚಳಿಗೆ ಮೌತ್‌ಪೀಸ್ ತುಟಿಗೆ ಅಂಟಿಕೊಳ್ಳುತ್ತದೆಂದು ಅದನ್ನು ಅಂಗೈಯಲ್ಲಿ ಮುಚ್ಚಿ ಬೆಚ್ಚಗಿಟ್ಟುಕೊಂಡು ಸರದಿ ಕಾಯುತ್ತಿದ್ದೆ.

ಲಾಸ್ಟ್ ಪೋಸ್ಟ್ ಮೂಲದಲ್ಲಿ ಸಾವಿನ ಕರೆಯಲ್ಲ. ರಾತ್ರಿ ಕಾವಲು ಠಾಣೆಗಳನ್ನು ಒಂದೊಂದಾಗಿ ನೋಡಿ ಬಂದ ಅಧಿಕಾರಿ ಕೊನೆಯ ಠಾಣೆಯನ್ನೂ ಮುಟ್ಟಿದ, ಇನ್ನು ಪಾಳೆಯ ಭದ್ರ ಎಂದು ತಿಳಿಸುವ ಕರೆ ಅದು. ಸೈನಿಕನ ಅಂತ್ಯಕ್ರಿಯೆಗೆ ಅದು ಬಂದದ್ದು ಆಮೇಲೆ. ಅದು ಮುಗಿದ ಮೇಲೆ ಮೌನ, ಆಮೇಲೆ ಎಬ್ಬಿಸುವ ರೌಸ್. ಮಲಗಿಸುವುದೂ ಎಬ್ಬಿಸುವುದೂ ಒಂದೇ ಕೊಳವೆಯಿಂದ. ಈ ಕ್ರಮವನ್ನು ಯಾರು ಯೋಚಿಸಿದರೋ, ಅವರಿಗೆ ನನ್ನ ನಮಸ್ಕಾರ.

ಎಷ್ಟೋ ವರ್ಷ ಈ ಕರೆಯನ್ನು ಕೇಳಿದವರು ಸೈನಿಕರೇ. ನಮ್ಮ ಕೇಂದ್ರದಲ್ಲಿ 1918ರ ಮೆಸಪೊಟೇಮಿಯ ಕಾಳಗವನ್ನು ನೆನೆಯುವ ಶರ್ಕತ್ ಸ್ಮಾರಕದ ಮುಂದೆ ಊದಿದರೆ ಕೇಳುವವರು ಪಲ್ಟಣದವರು ಮಾತ್ರ. 1965ರಲ್ಲಿ, 1971ರಲ್ಲಿ ಮಡಿದವರಿಗೆ ಹೆಚ್ಚಾಗಿ ರಣರಂಗದ ಸಮೀಪದಲ್ಲೇ ಸಂಸ್ಕಾರವಾಯಿತು. ಮನೆಗೆ ಬಂದದ್ದು ತಂತಿ ಸುದ್ದಿ, ಹಿಂದಿನಿಂದ ಒಂದು ಟ್ರಂಕು. 1999ರ ಕಾರ್ಗಿಲ್ ಯುದ್ಧದಲ್ಲಿ ಇದು ಬದಲಾಯಿತು. ಮಡಿದವರ ದೇಹಗಳನ್ನು ಅವರವರ ಊರಿಗೇ ಕಳಿಸತೊಡಗಿದರು. ಅಲ್ಲಿಂದ ಬ್ಯೂಗಲ್ ಕ್ಯಾಂಪಿನ ಗೇಟು ದಾಟಿ ಹಳ್ಳಿಗೆ ಬಂತು. ಸಿಯಾಚಿನ್ನಿನ ಹಿಮದಡಿ ಆರು ದಿನ ಜೀವ ಹಿಡಿದಿದ್ದು 2016ರ ಫೆಬ್ರವರಿಯಲ್ಲಿ ತೀರಿಕೊಂಡ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಕುಂದಗೋಳ ತಾಲ್ಲೂಕಿನ ಬೆಟದೂರಿನಲ್ಲಿ ಸೇನಾ ಗೌರವದೊಂದಿಗೆ ಬೀಳ್ಕೊಟ್ಟದ್ದನ್ನು ಕನ್ನಡ ನಾಡು ಇನ್ನೂ ಮರೆತಿಲ್ಲ.

ಪರೇಡ್ ಮೈದಾನದಲ್ಲಿ ಊದುವುದಕ್ಕೂ ಹಳ್ಳಿಯ ಹೊಲದಲ್ಲಿ ಊದುವುದಕ್ಕೂ ಬಹಳ ವ್ಯತ್ಯಾಸ. ನಾನು ಹೋದ ಒಂದು ಊರಿನಲ್ಲಿ ಶಾಲೆಯ ಹಿಂದಿನ ಬಯಲಿನಲ್ಲಿ ಚಿತೆ ಒಟ್ಟಿದ್ದರು. ಗೋಡೆ, ಮರ, ಟ್ರ್ಯಾಕ್ಟರ್ ಎನ್ನದೆ ಎಲ್ಲ ಕಡೆ ಜನ. ಟ್ರಾಲಿಯ ಮೇಲಿದ್ದ ತಾಯಿಯನ್ನು ಇಬ್ಬರು ಹಿಡಿದುಕೊಂಡಿದ್ದರು. ‘ಶೋಕ್ ಶಸ್ತ್ರ’ದ ಆಜ್ಞೆಯಾಯಿತು, ಬಂದೂಕುಗಳು ತಲೆಕೆಳಗಾದವು. ನಾನು ಬ್ಯೂಗಲ್ ಎತ್ತಿದೆ. ಮೊದಲ ಸ್ವರ ಹೊರಡುತ್ತಲೇ ಯಾರೋ ಘೋಷಣೆ ಎತ್ತಿದರು, ಸಾವಿರ ಬಾಯಿ ಸೇರಿದವು. ಅವರದು ಪ್ರೀತಿಯೇ, ಅನುಮಾನವಿಲ್ಲ. ಆದರೆ ನನ್ನ ಉಸಿರು ನನಗೇ ಕೇಳಿಸಲಿಲ್ಲ. ಆ ತಾಯಿಗೂ ಕೇಳಿಸಿರಲಾರದು.

ಅಮೆರಿಕದಲ್ಲಿ ಊದುವವರು ಸಾಲುವುದಿಲ್ಲವೆಂದು 2003ರಿಂದ ಒಳಗೆ ಪುಟ್ಟ ಯಂತ್ರ ಅಡಗಿಸಿದ ಬ್ಯೂಗಲ್ ಬಳಸುತ್ತಾರೆ. ಗುಂಡಿ ಒತ್ತಿ ತುಟಿಗೆ ಹಿಡಿದು ನಿಂತರೆ ಆಯಿತು, ಧ್ವನಿಮುದ್ರಿಕೆ ತಪ್ಪಿಲ್ಲದೆ ನುಡಿಯುತ್ತದೆ. ನಮ್ಮಲ್ಲೂ ಕೆಲವು ಕಡೆ ದಿನದ ಕರೆಗಳನ್ನು ಧ್ವನಿವರ್ಧಕದಲ್ಲಿ ಕೇಳಿದ್ದೇನೆ. ಊಟದ ಕರೆಗೆ ಅದು ಸರಿ, ಮೊಬೈಲ್ ಇದ್ದ ಕಾಲದಲ್ಲಿ ಅದರ ಅಗತ್ಯವೂ ಇಲ್ಲ. ಲಾಸ್ಟ್ ಪೋಸ್ಟ್‌ಗೆ ಮಾತ್ರ ಅದು ಸಲ್ಲದು. ಉಸಿರು ನಿಂತವನಿಗಾಗಿ ಉಸಿರಿರುವ ಜೊತೆಗಾರನೊಬ್ಬ ಊದಬೇಕು, ದನಿ ತುಸು ನಡುಗಿದರೂ ಸರಿ. 2022ರಿಂದ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರಿದವರಿಗೆ ನಾಲ್ಕು ವರ್ಷದ ಸೇವೆ, ಕಾಯಂ ಆಗುವವರು ನೂರಕ್ಕೆ 25ರವರೆಗೆ ಮಾತ್ರ. ತುಟಿ ಪಳಗುವುದಕ್ಕೇ ಎರಡು ವರ್ಷ ಬೇಕು. ನಮ್ಮ ಉಸ್ತಾದರಂಥ ಡ್ರಮ್ ಮೇಜರ್ ತಯಾರಾಗಲು ಅರ್ಧ ಆಯುಷ್ಯದ ನೌಕರಿ ಬೇಕು. ಉಳಿಯುವ ಆ 25 ಜನರಲ್ಲಿ ಬ್ಯಾಂಡಿನ ಹುಡುಗರೂ ಇರಲಿ ಎಂಬುದು ನನ್ನ ಆಸೆ.

ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ, ಕೊಡಗಿನ ಹಳ್ಳಿಗಳಲ್ಲಿ ನಿವೃತ್ತ ಬ್ಯಾಂಡಿನವರು ಇನ್ನೂ ಇದ್ದಾರೆ. ಶಾಲೆಗಳ ಕಪಾಟಿನಲ್ಲಿ ಕಿಲುಬು ಹಿಡಿದ ಬ್ಯೂಗಲ್ಲುಗಳೂ ಇವೆ. ಹೆಡ್‌ಮಾಸ್ತರರು ಒಂದು ಮಾತು ಹೇಳಿದರೆ ಸಾಕು, ಸಂಬಳ ಕೇಳದೆ ಬಂದು ಕಲಿಸುವವರು ನನಗೇ ಗೊತ್ತು. ಇನ್ನೊಂದು ಕೋರಿಕೆ ಎಲ್ಲರಿಗೂ. ನಿಮ್ಮ ಊರಿಗೆ ಅಂಥ ದಿನ ಬಾರದಿರಲಿ. ಬಂದರೆ, ಜೈಕಾರವನ್ನು ಮೆರವಣಿಗೆಯುದ್ದಕ್ಕೂ ಮನಸಾರೆ ಕೂಗಿ. ಬ್ಯೂಗಲ್ ಮೇಲೆದ್ದಾಗ ಮಾತ್ರ ಅದು ಮುಗಿಯುವ ತನಕ ಸುಮ್ಮನಿರಿ, ಪಕ್ಕದವರಿಗೂ ಹೇಳಿ. ಒಂದೆರಡು ನಿಮಿಷದ ಮಾತು, ಮನೆಯವರು ಅದನ್ನು ಪೂರ್ತಿ ಕೇಳಲಿ.