ಊರೂರು ಸುತ್ತುವ ಸ್ಯೂ

ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವಳ ಊರಿನ ಮ್ಯೂಸಿಯಂಗೆ ಡೈನೊಸಾರ್ ಪ್ರದರ್ಶನ ಬಂದಿತ್ತು. ಒಂದಷ್ಟು ದಿನ ಇದ್ದು ಮುಂದಿನ ಊರಿಗೆ ಹೊರಡುವ ಪ್ರದರ್ಶನ, ನಮ್ಮ ಕಡೆಯ ಸರ್ಕಸ್ಸಿನ ಹಾಗೆ. ಎಂಟು ವರ್ಷದ ಮೊಮ್ಮಗನನ್ನು ಕರೆದುಕೊಂಡು ಹೊರಟೆ. ಅವನ ಮುರಿದ ಬಲಗೈಯ ಪ್ಲಾಸ್ಟರ್ ಬಿಚ್ಚಿ ವಾರವಾಗಿತ್ತು. ವಾಸಿಯಾಗಿದೆ ಎಂದು ಡಾಕ್ಟರು ಹೇಳಿದ್ದರೂ ಆ ಕೈಯನ್ನು ಎದೆಗೊತ್ತಿಕೊಂಡೇ ಓಡಾಡುತ್ತಿದ್ದ. ಊಟಕ್ಕೂ ಎಡಗೈಯಲ್ಲಿ ಚಮಚ.

ಒಳಗೆ ಕಾಲಿಟ್ಟೊಡನೆ ನಲವತ್ತು ಅಡಿ ಉದ್ದದ ಟೈರನೊಸಾರಸ್ ರೆಕ್ಸ್ ಅಸ್ಥಿಪಂಜರ! ಹೆಸರು ಸ್ಯೂ. 1990ರ ಆಗಸ್ಟ್ 12ರಂದು ಸೌತ್ ಡಕೋಟಾದಲ್ಲಿ ಪಳೆಯುಳಿಕೆ ಹುಡುಕುವ ತಂಡವೊಂದರ ವಾಹನದ ಟೈರು ಕೈಕೊಟ್ಟಿತು. ಉಳಿದವರು ರಿಪೇರಿಗೆ ಹೋದಾಗ ಸ್ಯೂ ಹೆಂಡ್ರಿಕ್ಸನ್ ಎಂಬಾಕೆ ಹತ್ತಿರದ ದಿಬ್ಬದ ಕಡೆ ನಡೆದರು. ಅಲ್ಲಿ ಮೂಳೆಗಳು ಕಂಡವು, 6 ಕೋಟಿ 70 ಲಕ್ಷ ವರ್ಷ ಹಿಂದಿನವು. ಆಕೆಯ ಹೆಸರನ್ನೇ ಇಟ್ಟರು. ಪ್ರಾಣಿ ಹೆಣ್ಣೋ ಗಂಡೋ ಇಂದಿಗೂ ತಿಳಿಯದು. 1997ರ ಹರಾಜಿನಲ್ಲಿ ಷಿಕಾಗೊದ ಫೀಲ್ಡ್ ಮ್ಯೂಸಿಯಂ ಅದನ್ನು 83 ಲಕ್ಷ 60 ಸಾವಿರ ಡಾಲರಿಗೆ ಪಡೆಯಿತು. ಬ್ಯಾಂಕಿನಲ್ಲಿ ದುಡಿದ ನಾನು ಆ ಮೊತ್ತವನ್ನು ಎರಡು ಸಲ ಓದಿದೆ.

"ಇವು ನಿಜವಾದ ಮೂಳೆನಾ, ತಾತ?"

"ಅಲ್ಲ ಪುಟ್ಟ, ಅಚ್ಚು ತೆಗೆದು ಮಾಡಿದ್ದು. ಅಸಲು ಷಿಕಾಗೊದಲ್ಲಿದೆ."

ಮುಖ ಸಪ್ಪಗಾಯಿತು. "ಹಾಗಾದ್ರೆ ಡೂಪ್ಲಿಕೇಟು!"

"ಹೋದ ವರ್ಷ ನಂಜನಗೂಡಿನ ತೇರು ನೋಡಿದೆಯಲ್ಲ? ಗರ್ಭಗುಡಿಯ ಮೂಲ ದೇವರು ಕದಲೋದಿಲ್ಲ, ಬೀದಿಗೆ ಬರೋದು ಉತ್ಸವಮೂರ್ತಿ. ಅದನ್ನ ಯಾರಾದರೂ ಡೂಪ್ಲಿಕೇಟು ಅಂತಾರಾ? ಗುಡಿಯೊಳಕ್ಕೆ ಬರಲಾಗದವರಿಗೂ ದರ್ಶನ ಸಿಗಲಿ ಅಂತ ಬರೋದು. ಇದು ಸ್ಯೂವಿನ ಉತ್ಸವಮೂರ್ತಿ."

ಅಸಲು ತಲೆಬುರುಡೆಯೊಂದೇ ಸುಮಾರು 270 ಕಿಲೋ ಭಾರ. ಷಿಕಾಗೊದಲ್ಲೂ ಅದನ್ನು ಕತ್ತಿನ ಮೇಲೆ ಕೂರಿಸದೆ ಪ್ರತ್ಯೇಕವಾಗಿ ಇಟ್ಟಿದ್ದಾರೆ. ಅಂಥದ್ದನ್ನು ಊರೂರಿಗೆ ಹೊರುವುದು ಹೇಗೆ? ಅಚ್ಚಿಗಾದರೆ ಮಕ್ಕಳು ಕೈ ಹಾಕಬಹುದು.

ಮುಟ್ಟಿ ನೋಡಲೆಂದೇ ಇಟ್ಟಿದ್ದ ಪಕ್ಕೆಲುಬಿನ ಅಚ್ಚಿನ ಮೇಲೆ ಅವನು ಎಡಗೈ ಆಡಿಸಿದ. ಒಂದೆಡೆ ಬೆರಳು ನಿಂತಿತು.

"ಇಲ್ಲಿ ಗಂಟಿದೆ!"

"ಬದುಕಿದ್ದಾಗ ಸ್ಯೂವಿನ ಪಕ್ಕೆಲುಬು ಮುರಿದು ಕೂಡಿಕೊಂಡಿತ್ತು. ಅದರ ಗುರುತು."

"ಪ್ಲಾಸ್ಟರ್ ಯಾರು ಹಾಕಿದ್ರು?"

"ಯಾರೂ ಇಲ್ಲ. ಮೂಳೆ ತಾನಾಗೇ ಕೂಡಿಕೊಳ್ಳುತ್ತೆ. ಪ್ಲಾಸ್ಟರು ಅಲುಗಾಡದ ಹಾಗೆ ಹಿಡಿದಿರುತ್ತೆ, ಅಷ್ಟೆ. ಪಕ್ಕೆಲುಬು ಮುರಿದ ಮೇಲೂ ಸ್ಯೂ ಬೇಟೆಯಾಡಿ ಬದುಕಿತು."

ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತ. ಆಮೇಲೆ ಟೈರನೊಸಾರಸ್ ದವಡೆ ಆಡಿಸುವ ಮಾದರಿಯ ಬಳಿ ಓಡಿದ. ಹಿಡಿಕೆ ಬಿಗಿಯಾಗಿತ್ತು, ಒಂದು ಕೈಗೆ ಬಗ್ಗಲಿಲ್ಲ. ಎದೆಗೊತ್ತಿದ್ದ ಬಲಗೈ ಮೆಲ್ಲಗೆ ಕೆಳಗಿಳಿಯಿತು. ಎರಡೂ ಕೈಯಿಂದ ಎಳೆದ. ದವಡೆ ಬಾಯ್ತೆರೆಯಿತು. ನಾನು ಏನೂ ಹೇಳಲಿಲ್ಲ.

ಆ ರಾತ್ರಿ ಮಗಳು ಸಾರನ್ನ ಬಡಿಸಿದಾಗ ಚಮಚ ಪಕ್ಕಕ್ಕಿಟ್ಟು ಬಲಗೈಯಿಂದ ಕಲಸಿಕೊಂಡ.