ನೆಂಟರ ಜೊತೆ ನಗರದ ಕೋಟೆಗೆ

ಮಲೆನಾಡಿನಲ್ಲಿ ಮನೆಯಿದ್ದವರಿಗೆ ಮಂಗಗಳ ಕಾಟ ವರ್ಷವಿಡೀ, ನೆಂಟರ ಕಾಟ ರಜೆಗೊಮ್ಮೆ. ಮಂಗಗಳಾದರೂ ಬಾಳೆಗೊನೆ ಮುಗಿಸಿ ಪಕ್ಕದ ತೋಟಕ್ಕೆ ಹಾರುತ್ತವೆ. ಬೆಂಗಳೂರಿನ ನೆಂಟರು ಕಾಫಿ ಲೋಟ ಕೆಳಗಿಡುವ ಮೊದಲೇ ಮೊಬೈಲ್ ಹೊರತೆಗೆದು, "ಇಲ್ಲಿ ನೋಡೋಕೆ ಏನೇನಿದೆ?" ಅನ್ನುತ್ತಾರೆ. ಅಂಗಳದಿಂದಲೇ ಕಾಣುವ ಗುಡ್ಡ ತೋರಿಸಿದರೆ ಅದು ಲೆಕ್ಕಕ್ಕಿಲ್ಲ. ಕಾರು ನಿಲ್ಲಿಸಲು ಜಾಗ, ಉಪ್ಪು ಖಾರ ಹಚ್ಚಿದ ಅನಾನಸ್ ಮಾರುವವನು, ತುಕ್ಕು ಹಿಡಿದ ಒಂದು ಬೋರ್ಡು, ಇಷ್ಟೂ ಇಲ್ಲದಿದ್ದರೆ ಅದೆಂಥ ಪ್ರೇಕ್ಷಣೀಯ ಸ್ಥಳ?

ದಸರಾ ರಜೆಗೆ ಬಂದ ನಮ್ಮ ಭಾವ ವೃತ್ತಿಯಲ್ಲಿ ಆಡಿಟರು. ಅವರ ಪಟ್ಟಿಯೂ ಹಾಗೇ ಇತ್ತು. ಎಡಗಡೆ 'ನೇಚರ್' ಅಂತ ಒಂದು ಕಾಲಂ: ಕೊಡಚಾದ್ರಿ, ಆಗುಂಬೆಯ ಸೂರ್ಯಾಸ್ತ. ಬಲಗಡೆ 'ಹಿಸ್ಟರಿ': ನಗರದ ಕೋಟೆ, ದೇವಗಂಗೆ, ಕವಲೇದುರ್ಗ. ನೇಚರ್‌ಗೆ ಅರ್ಧ ದಿನ, ಹಿಸ್ಟರಿಗೆ ತಲಾ ಅರ್ಧ ಗಂಟೆ. ಆ ಎರಡು ಕಾಲಂ ನೋಡಿಯೇ ನನಗೆ ಸಣ್ಣಗೆ ಸಿಟ್ಟು ಬಂತು. ಹಂಪಿಯಲ್ಲೋ ಬಾದಾಮಿಯಲ್ಲೋ ಬೇಕಾದರೆ ಹಾಗೆ ಗೆರೆ ಎಳೆಯಿರಿ. ಘಟ್ಟದ ಅಂಚಿನಲ್ಲಿ ರಾಜ್ಯ ಕಟ್ಟಿದ ಕೆಳದಿಯವರು ಉಂಡದ್ದು ಈ ಕಾಡಿನ ಮೆಣಸು, ಬದುಕಿದ್ದು ಈ ಮಳೆಯ ಮರೆಯಲ್ಲಿ. ಗುಡ್ಡ ಬೇರೆ, ರಾಜರು ಬೇರೆ ಅಂದರೆ ಇಲ್ಲಿ ಯಾವ ಲೆಕ್ಕವೂ ತಾಳೆಯಾಗುವುದಿಲ್ಲ. ಆದರೆ ಅಕ್ಕನ ಗಂಡನಿಗೆ ಬೆಳಗಿನ ದೋಸೆಯ ಹೊತ್ತಿಗೇ ಇದನ್ನೆಲ್ಲ ಹೇಳಲಾಗುತ್ತದೆಯೇ? ಸುಮ್ಮನೆ ಜೀಪು ಹತ್ತಿದೆ.

ಕೊಡಚಾದ್ರಿಯ ಜೀಪಿನ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಡ್ರೈವರನ ಎಡಗೈ ಗೇರಿನ ಮೇಲೆ, ಬಲಗೈ ಸ್ಟೇರಿಂಗಿನ ಮೇಲೆ, ಬಾಯಲ್ಲಿ ಕವಳ. ರಸ್ತೆ ಅನ್ನುವುದು ಅವನಿಗೆ ಮಾತ್ರ ಕಾಣುವ ವಸ್ತು. ನಮಗೆ ಕಾಣುವುದು ಕೆಂಪು ಮಣ್ಣಿನ ಕೊರಕಲು, ಅದರ ನಡುವೆ ಎಮ್ಮೆ ಮಲಗಿದಂಥ ಬಂಡೆಗಳು. ಒಂದು ತಿರುವಿನಲ್ಲಿ ಹಿಂದಿನ ಗಾಲಿ ಜಾರಿ, ಅಕ್ಕ "ಅಯ್ಯೋ ಮೂಕಾಂಬಿಕೇ" ಅಂದದ್ದಕ್ಕೆ ಅವನು ಕಿಟಕಿಯಿಂದ ಕವಳ ಉಗಿದು ಸಮಾಧಾನ ಹೇಳಿದ: "ಹೆದರ್ಬೇಡಿ ಮಾರಾಯ್ರೆ, ಮಳೆಗಾಲದಲ್ಲಿ ಇದಕ್ಕಿಂತ ಹಾಳಿರ್ತದೆ." ಈ ಸಮಾಧಾನದಿಂದ ಯಾರಿಗೂ ಸಮಾಧಾನವಾದಂತೆ ಕಾಣಲಿಲ್ಲ.

ಜೀಪು ನಿಲ್ಲುವುದು ದೇವಿಯ ಮೂಲಸ್ಥಾನದ ಬಳಿ. ಅಲ್ಲಿ ಬಯಲಿನಲ್ಲೇ ಒಂದು ಕಬ್ಬಿಣದ ಕಂಬ ನಿಂತಿದೆ. ಮೂಕಾಸುರನನ್ನು ಕೊಂದ ತ್ರಿಶೂಲ ಅದೇ ಎನ್ನುತ್ತಾರೆ. ಅಲ್ಲಿಂದ ಮೇಲಕ್ಕೆ ನಡೆದೇ ಹೋಗಬೇಕು. ತುದಿಯಲ್ಲಿ, 1343 ಮೀಟರ್ ಎತ್ತರದಲ್ಲಿ, ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ಜನ ನಂಬುವ ಸರ್ವಜ್ಞಪೀಠ. ನಾಲ್ಕು ಜನ ಕೈ ಹಿಡಿದು ಸುತ್ತುಗಟ್ಟಿದರೆ ಸಾಕೋ ಏನೋ ಅನ್ನಿಸುವಷ್ಟು ಪುಟ್ಟ ಕಲ್ಲುಗುಡಿ. ಗಾಳಿಗೆ ಅದರ ಮೂಲೆಗಳು ಸವೆದು ದುಂಡಗಾಗಿವೆ.

ಅಕ್ಕನ ಮಗನ ಕಾಲ್ಚೀಲದೊಳಗೆ ಇಂಬಳ ಹೊಕ್ಕದ್ದು ಗೊತ್ತಾದದ್ದು ಅಲ್ಲೇ. ಇಂಬಳ ಕಚ್ಚುವಾಗ ಸುದ್ದಿ ಕೊಡುವುದಿಲ್ಲ, ಹೊಟ್ಟೆ ತುಂಬಿಸಿಕೊಂಡು ಬಿಟ್ಟು ಹೋದ ಮೇಲೆ ರಕ್ತವೇ ಸುದ್ದಿ ಕೊಡುತ್ತದೆ. ಡ್ರೈವರ್ ಕೊಟ್ಟಿದ್ದ ಸುಣ್ಣದ ಡಬ್ಬಿ ಜೇಬಿನಲ್ಲಿತ್ತು, ಹಚ್ಚಿದೆ. ಹುಡುಗ ತಾನು ಯುದ್ಧದಲ್ಲಿ ಗಾಯಗೊಂಡವನಂತೆ ಫೋಟೋ ತೆಗೆಸಿಕೊಂಡ.

ಅವತ್ತು ಮೋಡ ಹರಿದಿತ್ತು. ಪಡುವಣಕ್ಕೆ ಸಮುದ್ರದ ಬಿಳಿ ಗೆರೆ, ಇತ್ತ ಹಿಂದೆ ತಿರುಗಿದರೆ ಕಾಡಿನ ಸಂದಿನಲ್ಲಿ ಲಿಂಗನಮಕ್ಕಿಯ ಹಿನ್ನೀರು. ಅಣೆಕಟ್ಟು ಮುಗಿದದ್ದು 1964ರಲ್ಲಿ. ನಮ್ಮ ಕಡೆಯ ಎಷ್ಟೋ ಮನೆಗಳ ದೇವರ ಕೋಣೆ ಆ ಹೊಳಪಿನಡಿ ಇದೆ. ಭಾವ ಎರಡೂ ಕಡೆ ಫೋಟೋ ಹೊಡೆದು "ನೇಚರ್ ಆಯ್ತು" ಅಂದರು. ನಾನು ಬಿಡಲಿಲ್ಲ. ಕೆಳಗೆ ಕಾಣುವ ಕರಾವಳಿಯಲ್ಲಿ ಬಸರೂರು, ಹೊನ್ನಾವರ, ಮಂಗಳೂರಿನ ಬಂದರುಗಳು. ಮೆಣಸು, ಅಕ್ಕಿ ಅಲ್ಲಿಂದ ಹಡಗು ಹತ್ತುತ್ತಿದ್ದವು. ಅಲ್ಲಿ ಕೋಟೆ ಕಟ್ಟಿಕೊಂಡು ಕೂತಿದ್ದ ಪೋರ್ಚುಗೀಸರನ್ನು 1650ರ ದಶಕದಲ್ಲಿ ಎಬ್ಬಿಸಿ ಓಡಿಸಿದವನು ಕೆಳದಿಯ ಶಿವಪ್ಪನಾಯಕ. ಮೆಣಸು ಬೆಳೆಯುವುದು ಘಟ್ಟದಲ್ಲಿ, ದುಡ್ಡು ಬರುವುದು ಸಮುದ್ರದಿಂದ. ನಡುವಿನ ಕಣಿವೆದಾರಿಗಳನ್ನು ಹಿಡಿದವನೇ ರಾಜ. "ನೀವು ಈಗ ನಿಂತು ನೋಡ್ತಿರೋದು ಸೀನರಿ ಅಲ್ಲ, ಒಂದು ರಾಜ್ಯದ ಖಜಾನೆ" ಅಂದೆ. ಆಡಿಟರು ಮೊಬೈಲ್ ಜೇಬಿಗಿಟ್ಟು ಮತ್ತೊಮ್ಮೆ ನೋಡಿದರು.

ನಗರದ ಕೋಟೆ ಕುಂದಾಪುರದ ಕಡೆ ಇಳಿಯುವ ಹೆದ್ದಾರಿಯ ಪಕ್ಕದಲ್ಲೇ ಇದೆ. ಕೊಲ್ಲೂರಿಗೆ ಹೋಗುವ ಕಾರುಗಳು ಅದನ್ನು ಎಡಕ್ಕೋ ಬಲಕ್ಕೋ ಹಾಕಿ ದಾಟಿಬಿಡುತ್ತವೆ. ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಇಲ್ಲಿಗೆ ರಾಜಧಾನಿ ಸರಿದು ಬಂತು. ಬಿಜಾಪುರದ ಸೈನ್ಯ ಇಕ್ಕೇರಿಯನ್ನು ಸೂರೆ ಮಾಡಿದ ಮೇಲೆ ಬಯಲು ಜಾಗದ ಸಹವಾಸ ಸಾಕೆನಿಸಿರಬೇಕು. ಸುತ್ತಲೂ ಗುಡ್ಡಗಳೇ ಬೇಲಿಯಾಗಿ ನಿಂತ ಬಿದನೂರು ಸಿಕ್ಕಿತು. ಮುಂದೆ ಅದು ಹೈದರ್‌ನಗರವಾಗಿ, ಕಡೆಗೆ ಬರೀ ನಗರವಾಯಿತು.

ಬಾಗಿಲು ದಾಟಿ ಏರು ಹತ್ತಿದರೆ ಹುಲ್ಲು ಬೆಳೆದ ಜಗಲಿಗಳು, ಜಂಬಿಟ್ಟಿಗೆಯ ಗೋಡೆಗಳು, ಅಕ್ಕ-ತಂಗಿ ಕೊಳ. ಕಂದಕದ ನೀರಿನ ಮೇಲೆ ಹಸಿರು ಪಾಚಿ. ಜಂಬಿಟ್ಟಿಗೆಗೆ ಒಂದು ಗುಣವಿದೆ, ನೀರು ಕುಡಿದಷ್ಟೂ ಕಪ್ಪಾಗುತ್ತದೆ, ಆದರೆ ಉಗುರಿನಿಂದ ಕೆರೆದರೆ ಒಳಗೆ ಇನ್ನೂ ಇಟ್ಟಿಗೆ ಕೆಂಪು. ಪ್ರತಿ ಕಲ್ಲಿನ ತೂತಿನಲ್ಲೂ ಜರಿಗಿಡದ ಒಂದು ಮರಿ ಮನೆ ಮಾಡಿತ್ತು. ಬೋರ್ಡು ಹೇಳುವುದು ಕಡಿಮೆ, ಹೇಳಬೇಕಾದ್ದು ಬಹಳ.

ಭಾವನನ್ನು ದರ್ಬಾರಿನ ಜಗಲಿಯ ಮೇಲೆ ಕೂರಿಸಿ ಶಿವಪ್ಪನಾಯಕನ 'ಸಿಸ್ತು' ಕತೆ ತೆಗೆದೆ. ಊರೂರಿನ ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರಗತಿ ಮಾಡಿ, ಹನ್ನೆರಡು ವರ್ಷ ಬೆಳೆ ತೆಗೆಸಿ ನೋಡಿ, ಅದರ ಸರಾಸರಿಯ ಮೂರನೆಯ ಒಂದು ಪಾಲು ಕಂದಾಯ ಎಂದು ಗೊತ್ತು ಮಾಡಿದನಂತೆ. "ಹನ್ನೆರಡು ವರ್ಷದ ಡೇಟಾ?" ಭಾವ ನೆಟ್ಟಗೆ ಕೂತರು. ಅರ್ಧ ಗಂಟೆಯ ಹಿಸ್ಟರಿ ಕಾಲಂ ಅಲ್ಲೇ ಹರಿದು ಹೋಯಿತು. ಅಧಮಾಧಮ ಎಂಬ ವರ್ಗಕ್ಕೆ ತಮ್ಮ ಗಿರಾಕಿಗಳಲ್ಲಿ ಯಾರು ಯಾರು ಸೇರಬಹುದು ಎಂದು ಅವರು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಹುಡುಗನಿಗೆ ಕಂದಾಯ ಬೇಡ, ಯುದ್ಧ ಬೇಕು. ಅವನಿಗೆ ಕೆಳದಿಯ ರಾಣಿ ಚೆನ್ನಮ್ಮನ ಕತೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ವೇಷ ಮರೆಸಿಕೊಂಡು ಜಿಂಜಿಗೆ ಓಡುವಾಗ ಇವಳ ಆಸರೆ ಪಡೆದ. ಔರಂಗಜೇಬನ ಸೈನ್ಯ ಬೆನ್ನಟ್ಟಿ ಬಂತು. ನಮ್ಮ ಕಡೆ ಆ ಕತೆ ಹೇಳುವಾಗ ರಾಣಿಯ ಧೈರ್ಯದ ಜೊತೆ ಮಳೆಗೂ ಒಂದು ಪಾಲು ಕೊಡುವುದು ವಾಡಿಕೆ. ಒಣ ದೇಶದ ಕುದುರೆಗಳು, ಸೊಂಟದ ಮಟ್ಟದ ಕೆಸರು, ಮುಂದೆ ದಾರಿ ಕಾಣದ ಕಾಡು. ಎಷ್ಟು ಇಂಬಳ ಹತ್ತಿದವೋ ಯಾವ ಇತಿಹಾಸಕಾರನೂ ಎಣಿಸಿಲ್ಲ. ಹುಡುಗ ತನ್ನ ಕಾಲಿನ ಸುಣ್ಣದ ಕಲೆಯನ್ನು ಹೊಸ ಗೌರವದಿಂದ ನೋಡಿಕೊಂಡ.

ಇಂಥ ಗುಡ್ಡದ ಬೇಲಿಯೂ ಒಂದು ದಿನ ಕೆಲಸಕ್ಕೆ ಬರಲಿಲ್ಲ. 1763ರಲ್ಲಿ ಹೈದರಾಲಿ ಬಂದಾಗ ಪಟ್ಟದಲ್ಲಿದ್ದವಳು ರಾಣಿ ವೀರಮ್ಮಾಜಿ. ಹಿಂದೆ ಇಲ್ಲೇ ಮಂತ್ರಿಯಾಗಿ, ಆಮೇಲೆ ಸೆರೆಯಲ್ಲಿದ್ದ ಲಿಂಗಣ್ಣ ಎಂಬವನು ಹೈದರನ ಕೈಗೆ ಸಿಕ್ಕಿ ಕಾಡಿನ ಒಳದಾರಿ ತೋರಿಸಿದ. ಕೋಟೆಯ ಬಾಗಿಲುಗಳೆಲ್ಲ ಬೇರೆ ದಿಕ್ಕಿಗೆ ಕಣ್ಣು ಬಿಟ್ಟುಕೊಂಡಿದ್ದವು. ರಾಣಿ ಬಲ್ಲಾಳರಾಯನದುರ್ಗಕ್ಕೆ ಓಡಿ, ಅಲ್ಲಿ ಸಿಕ್ಕಿಬಿದ್ದು, ಮಧುಗಿರಿಯ ಸೆರೆ ಕಂಡಳು. ಗುಡ್ಡವನ್ನು ನಂಬಬಹುದು, ಸಂಬಳ ಕೊಟ್ಟು ಕೆಡಿಸಿದ ಮಂತ್ರಿಯನ್ನಲ್ಲ ಎಂದು ಭಾವ ಷರಾ ಬರೆದರು. ಹೈದರನಿಗೆ ಸಿಕ್ಕ ಸಂಪತ್ತು ಎಷ್ಟಿತ್ತೆಂದರೆ ತನ್ನ ಏಳಿಗೆಗೆಲ್ಲ ಇದೇ ಬುನಾದಿ ಎಂದು ಅವನು ನಂಬಿದ್ದನಂತೆ. ಅವನ ಹೆಸರಿನ ಚಿನ್ನದ ನಾಣ್ಯದಲ್ಲಿ ಕೆಳದಿಯವರ ಶಿವ-ಪಾರ್ವತಿಯರು ಹಾಗೇ ಕೂತಿದ್ದರು. ವ್ಯಾಪಾರಿಗಳು ಒಪ್ಪುವ ದುಡ್ಡನ್ನು ಯಾಕೆ ಕೆಡಿಸಬೇಕು? 1783ರಲ್ಲಿ ಕಂಪನಿಯ ಜನರಲ್ ಮ್ಯಾಥ್ಯೂಸ್ ಘಟ್ಟ ಹತ್ತಿ ಬಂದು ಇದೇ ಕೋಟೆ ಹಿಡಿದ, ಕೆಲವೇ ತಿಂಗಳಲ್ಲಿ ಟಿಪ್ಪು ಕಿತ್ತುಕೊಂಡ. ಇಷ್ಟೆಲ್ಲ ಬಡಿದಾಟ ನೋಡಿದ ಬತೇರಿಯ ಮೇಲೆ ಅವತ್ತು ಒಂದು ಜೋಡಿ ಕೂತು ಚುರುಮುರಿ ತಿನ್ನುತ್ತಿತ್ತು.

ದೇವಗಂಗೆ ನಗರದಿಂದ ಹತ್ತಿರ. ತೋಟ, ಗದ್ದೆ ದಾಟಿದರೆ ಸಾಲಾಗಿ ಕಲ್ಲಿನ ಕೊಳಗಳು, ಒಂದು ಉದ್ದಕ್ಕೆ, ಒಂದು ನಕ್ಷತ್ರದಂತೆ, ಒಂದು ತಾವರೆಯಂತೆ. ಗುಡ್ಡದ ಒರತೆಯ ನೀರು ಒಂದನ್ನು ತುಂಬಿ ಇನ್ನೊಂದಕ್ಕೆ ಇಳಿಯುತ್ತದೆ, ಬೇಸಿಗೆಯಲ್ಲೂ ಬತ್ತುವುದಿಲ್ಲ. ಪಂಪಿಲ್ಲ, ಪೈಪಿಲ್ಲ, ವಾಲ್ವಿಲ್ಲ, ಇಳಿಜಾರೊಂದೇ. ನನಗೆ ಕೇಳಿದರೆ ಕೆಳದಿಯವರ ಅತ್ಯುತ್ತಮ ಕಟ್ಟಡ ಇದೇ, ಇಕ್ಕೇರಿಯ ಅಘೋರೇಶ್ವರನ ಕ್ಷಮೆ ಕೋರಿ ಹೇಳುತ್ತೇನೆ. ಮೆಟ್ಟಿಲಲ್ಲಿ ಕೂತು ಕಾಲು ಬಿಟ್ಟೆವು. ಕಿರುಬೆರಳುದ್ದದ ಮೀನುಗಳು ಬಂದು ಹಿಮ್ಮಡಿ ಕಚ್ಚಿದವು. ಮಾಲ್‌ನಲ್ಲಿ ಇದಕ್ಕೆ ದುಡ್ಡು ಕೊಡಬೇಕು ಅಂದಳು ಅಕ್ಕ.

ಅಲ್ಲಿ ಕೂತಾಗ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆಯ ನೆನಪಾಯಿತು. 1623ರಲ್ಲಿ ಗೋವೆಯ ರಾಯಭಾರಿಯ ಜೊತೆ ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ ಇಕ್ಕೇರಿಗೆ ಬಂದವನು ಅವನು. ರಾಯಭಾರವೂ ಕೊನೆಗೆ ಮೆಣಸಿನ ಸುತ್ತಲೇ. ಆದರೆ ಅವನ ಬರಹದಲ್ಲಿ ನನಗೆ ಇಷ್ಟವಾದದ್ದು ಬೇರೆ. ಗುಡಿಯ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಅಂಕಿ ಬರೆಯುತ್ತ, ರಾಗವಾಗಿ ಮಗ್ಗಿ ಹೇಳುತ್ತಿದ್ದುದನ್ನು ಅವನು ನಿಂತು ನೋಡಿದ, ಮಾತಾಡಿಸಿದ, ಬರೆದಿಟ್ಟ. ಘಟ್ಟ ಹತ್ತಿದ ಸುಸ್ತಿನಲ್ಲೂ ಮಕ್ಕಳ ಲೆಕ್ಕ ಕೇಳುವ ಪ್ರವಾಸಿ ಈಗೆಲ್ಲಿ ಸಿಗುತ್ತಾನೆ?

ಆಗುಂಬೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿಗೆ ಸೂರ್ಯನನ್ನು ನೋಡಲು ಹೋಗುವುದೇ ಒಂದು ಸಾಹಸ. ಮುನ್ನೂರು ಜನ ಮೊಬೈಲ್ ಎತ್ತಿ ಹಿಡಿದರು, ಮೋಡ ಕದಲಲಿಲ್ಲ. 'ಮಾಲ್ಗುಡಿ ಡೇಸ್' ಚಿತ್ರೀಕರಣ ನಡೆದ ದೊಡ್ಡಮನೆಯ ಮುಂದೆ ಭಾವ ಸ್ವಾಮಿಯ ಗತ್ತಿನಲ್ಲಿ ನಿಂತು ನಷ್ಟ ಭರ್ತಿ ಮಾಡಿಕೊಂಡರು.

ಕವಲೇದುರ್ಗಕ್ಕೆ ಮಾರನೆಯ ದಿನ ಹೋದೆವು. ಗದ್ದೆಯ ಅಂಚಿನಿಂದ ಶುರುವಾಗುವ ಕಲ್ಲುಹಾಸಿನ ದಾರಿ ಕಾಡಿಗೆ ನುಗ್ಗಿ ಒಂದು ಕೋಟೆಬಾಗಿಲು, ಮತ್ತೆ ಏರು, ಇನ್ನೊಂದು ಬಾಗಿಲು, ಹೀಗೆ ಮೂರು ಸುತ್ತು ದಾಟಿಸುತ್ತದೆ. ಮೇಲೆ ಶ್ರೀಕಂಠೇಶ್ವರನ ಗುಡಿ, ದೂರದಲ್ಲಿ ವಾರಾಹಿಯ ಹಿನ್ನೀರು. ಅರಮನೆಯಲ್ಲಿ ಉಳಿದಿರುವುದು ಅಡಿಪಾಯ ಮಾತ್ರ. ಆದರೆ ಅಡಿಪಾಯವೇ ಸಾಕು. ಇದು ಬಚ್ಚಲು, ನೀರು ಹೋಗುವ ಕಲ್ಲುಕಾಲುವೆ ಇಲ್ಲಿ. ಇದು ಅಡುಗೆಮನೆ, ಐದು ಪಾತ್ರೆ ಒಟ್ಟಿಗೇ ಇಡಬಹುದಾದ ಕಲ್ಲಿನ ಒಲೆ. ಅಕ್ಕ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೈ ಚಾಚಿ ಎಲ್ಲ ಉರಿಗಳೂ ಎಟಕುತ್ತವೆಯೇ ಎಂದು ನೋಡಿದಳು. ಎಟಕಿದವು.

"ಅದೆಲ್ಲ ಸರಿ," ಅಂದಳು, "ಮಳೆಗಾಲಕ್ಕೆ ಸೌದೆ ಎಲ್ಲಿ ಇಟ್ಕೊಳ್ತಿದ್ರು?"

ಪ್ರಶ್ನೆ ಸಣ್ಣದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಷ್ಟು ದೊಡ್ಡ ಒಲೆ ಉರಿಯಬೇಕಾದರೆ ಗಾಡಿಗಟ್ಟಲೆ ಒಣ ಸೌದೆ ಬೇಕು. ಅಡುಗೆಮನೆಗೆ ಹತ್ತಿರವಿರಬೇಕು, ಇರಿಚಲು ಬಡಿಯಬಾರದು, ಗೆದ್ದಲು ಹತ್ತಬಾರದು. ಗಾಳಿಮಳೆ ಬರುವುದು ಪಡುವಣದಿಂದ, ಹಾಗಾದರೆ ಕೊಟ್ಟಿಗೆ ಮೂಡಣಕ್ಕಿರಬೇಕು ಎಂದು ನನ್ನ ವಾದ. ಭಾವ ಒಪ್ಪಲಿಲ್ಲ. ಒಲೆಯಿಂದ ಹೆಜ್ಜೆ ಹಾಕಿ ಅಳೆಯುತ್ತ, ಬೆರಳಲ್ಲಿ ಲೆಕ್ಕ ಮಾಡುತ್ತ ಅವರು ತೆಂಕಣ ಗೋಡೆಯ ಕಡೆ ನಡೆದರು. ಹುಡುಗ ಬಡಗಣಕ್ಕೆ ಓಡಿದ. ಅಕ್ಕ ಒಲೆಯ ಪಕ್ಕದಿಂದ ಏಳದೆ, ನಾವು ತೋರಿಸಿದ ಒಂದೊಂದು ಜಾಗಕ್ಕೂ "ಅಲ್ಲಿ ಆಗಲ್ಲ, ಸೋರ್ತದೆ" ಅನ್ನುತ್ತಲೇ ಇದ್ದಳು.